ಸಾಹುಕಾರ್ರ ಸಾಲ, ಮೇಷ್ಟ್ರ ಪೆನ್ಷನ್ನು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚಿಕ್ಕಪ್ಪನ ಮೊಬೈಲಿಗೆ ಒಂದು ಮೆಸೇಜು ಬರುತ್ತದೆ. ಕಾಫಿ ವ್ಯಾಪಾರಿ ಕಳಿಸುವ ಅವತ್ತಿನ ರೇಟು. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಅರೇಬಿಕಾ ಚೆರ್ರಿ ಇಷ್ಟು, ರೊಬಸ್ಟಾ ಚೆರ್ರಿ ಇಷ್ಟು, ಕಾಳುಮೆಣಸು ಇಷ್ಟು. ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಪೇಪರ್ ಓದುವ ನೆಪದಲ್ಲಿ ಜಗಲಿಗೆ ಬಂದಿರುತ್ತಾರೆ. ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದವರು. ಇಬ್ಬರ ನಡುವೆ ವರ್ಷಗಳಿಂದ ನಡೆಯುವ ಮಾತು ಒಂದೇ.

“ನಿಮಗೇನ್ ಬಿಡಿ, ಸಾಹುಕಾರ್ರು. ಕೂತಲ್ಲೇ ಚೀಲಕ್ಕೆ ಇನ್ನೂರು ಜಾಸ್ತಿ ಆಯ್ತು.”

“ನಿಮಗೇನ್ ಮೇಷ್ಟ್ರೇ. ಮಳೆ ಬರ್ಲಿ ಬಿಡ್ಲಿ, ತಿಂಗಳಾದ್ರೆ ಪೆನ್ಷನ್ನು.”

ಇಬ್ಬರದೂ ನಿಜ. ಮೂಡಿಗೆರೆ ಸೀಮೆಯ ಚಿಕ್ಕಪ್ಪನ ಎಂಟು ಎಕರೆ ತೋಟವನ್ನು ಇವತ್ತು ಮಾರಿದರೆ ಬರುವಷ್ಟು ದುಡ್ಡನ್ನು ಮೇಷ್ಟ್ರು ಜನ್ಮದಲ್ಲಿ ಕಂಡಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು, ನೀರು ಕುಡಿದು, ಮತ್ತೆ ನಿದ್ದೆ ಹತ್ತದೆ ಅದೇ ಜಗಲಿಯಲ್ಲಿ ಓಡಾಡುವವರು ಚಿಕ್ಕಪ್ಪ. ಮೇಷ್ಟ್ರ ಮನೆಯಲ್ಲಿ ಒಂಬತ್ತೂವರೆಗೆ ದೀಪ ಆರುತ್ತದೆ.

ನಮ್ಮ ಕಡೆ ತೋಟದ ಯಜಮಾನರನ್ನು ಕೆಲಸದವರು ಕರೆಯುವುದೇ ಸಾಹುಕಾರ್ರೇ ಎಂದು. ಸಾಹುಕಾರ ಅಂದರೆ ಸಾಲ ಕೊಡುವವನು. ನಾನು ಕಂಡಂತೆ ನಮ್ಮೂರಿನ ಸಾಹುಕಾರರಲ್ಲಿ ಸಾಲ ಕೊಟ್ಟವರಿಗಿಂತ ತಂದವರೇ ಹೆಚ್ಚು. ಸಿರಿಗೂ ಭದ್ರತೆಗೂ ಇರುವ ವ್ಯತ್ಯಾಸ ಕನ್ನಡಕ್ಕೆ ಗೊತ್ತಿಲ್ಲದೆ ಏನಿಲ್ಲ. ಹೆಣ್ಣು ಕೊಡುವವರು ವಿಚಾರಿಸುವಾಗ ‘ಶ್ರೀಮಂತರಾ?’ ಎಂದು ಕೇಳುವುದು ಅಪರೂಪ, ‘ಅನುಕೂಲಸ್ಥರಾ? ಸ್ಥಿತಿವಂತರಾ?’ ಎನ್ನುತ್ತಾರೆ. ಶ್ರೀ ಎಂದರೆ ಲಕ್ಷ್ಮಿ, ಅವಳನ್ನು ಚಂಚಲೆ ಎಂದವರೂ ನಮ್ಮ ಹಿರಿಯರೇ. ಸ್ಥಿತಿ ಎಂಬ ಮಾತಿನಲ್ಲಿ ನಿಲ್ಲುವುದಿದೆ. ಬಂದದ್ದು ಒಂದು, ನಿಂತದ್ದು ಇನ್ನೊಂದು.

ಕಾಫಿ ಸೀಮೆಯವರಿಗೆ ಈ ಎರಡರ ಪಾಠ ಇತಿಹಾಸದಲ್ಲೇ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲೆಂದು 1942ರ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ‘ಪೂಲ್’ಗೆ ಒಪ್ಪಿಸಬೇಕಿತ್ತು. ಬೋರ್ಡು ಹರಾಜು ಹಾಕಿ, ರಫ್ತು ಮಾಡಿ, ಬಂದ ಹಣವನ್ನು ಕಾಫಿಯ ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಿತ್ತು. ಒಂದೇ ಸಲಕ್ಕಲ್ಲ, ಕಂತಿನಲ್ಲಿ. ಈ ವರ್ಷದ ಕಾಫಿಯ ಕೊನೆಯ ಕಂತು ಕೈಸೇರುವಷ್ಟರಲ್ಲಿ ಮುಂದಿನ ಫಸಲೂ ಬೋರ್ಡಿನ ಗೋದಾಮಿಗೆ ಹೋಗಿರುತ್ತಿತ್ತು. ನಮ್ಮಜ್ಜ ಇದನ್ನು ಬೈಯದ ದಿನವಿಲ್ಲ. ‘ನನ್ನ ಕಾಫಿ ಮಾರೋಕೆ ನನಗೇ ಹಕ್ಕಿಲ್ಲ’ ಎನ್ನುತ್ತಿದ್ದರು. ಅದೂ ಸರಿಯೇ. ತನ್ನ ತೋಟದ ಕಾಫಿಯನ್ನು ಸಲೀಸಾಗಿ ಮಾರಲಾಗದ, ಬೆಲೆ ಎಷ್ಟೆಂದು ಕೇಳುವಂತಿಲ್ಲದ ಆ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಆದರೆ ಅಜ್ಜಿ ಬೇರೆ ಹೇಳುತ್ತಿದ್ದಳು. ಮರೆತೇಹೋಗಿದ್ದ ಹಳೇ ವರ್ಷದ ಕಂತು ಜೂನ್ ತಿಂಗಳಲ್ಲಿ ಬಂದು ಮಕ್ಕಳ ಪುಸ್ತಕಕ್ಕೆ ಆಗುತ್ತಿತ್ತಂತೆ. ಯಾರೂ ಶ್ರೀಮಂತರಾಗಲಿಲ್ಲ, ಯಾರ ತೋಟವೂ ಒಂದೇ ವರ್ಷದಲ್ಲಿ ಮುಳುಗಲೂ ಇಲ್ಲ.

1992ರಿಂದ ಹಂತಹಂತವಾಗಿ ಪೂಲ್ ಸಡಿಲವಾಯಿತು. 1996ರ ಹೊತ್ತಿಗೆ ಯಾರ ಕಾಫಿಯನ್ನು ಯಾರು ಬೇಕಾದರೂ ಕೊಳ್ಳಬಹುದು ಎಂದಾಯಿತು. ಈ ಬಿಡುಗಡೆಯ ನಟ್ಟನಡುವೆ, 1994ರ ಜೂನ್ ಮತ್ತು ಜುಲೈನಲ್ಲಿ, ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಎರಡು ಸಲ ಹಿಮ ಬಿತ್ತು. ಜಗತ್ತಿನ ಅತಿದೊಡ್ಡ ಬೆಳೆಗಾರನ ಗಿಡ ಸುಟ್ಟರೆ ಉಳಿದವರ ಗಿಡಕ್ಕೆ ಚಿನ್ನದ ಬೆಲೆ. ನಾನಾಗ ಹತ್ತು ವರ್ಷದ ಹುಡುಗಿ. 1995ರ ಬೇಸಿಗೆಯಲ್ಲಿ ನಮ್ಮೂರಿಗೆ ಮೂರು ಹೊಸ ಜೀಪು, ಎರಡು ಮಾರುತಿ ಬಂದದ್ದು ನೆನಪಿದೆ. ಮಂಗಳೂರು ಹೆಂಚು ಇಳಿದು ಆರ್‌ಸಿಸಿ ಏರಿತು. ಮದುವೆಯೊಂದರಲ್ಲಿ ಐಸ್‌ಕ್ರೀಮನ್ನು ಕೇಳಿದಷ್ಟು ಸಲ ಬಡಿಸಿದರು. ಆ ವರ್ಷದ ಸಿರಿಯ ಬಗ್ಗೆ ನನ್ನಲ್ಲಿ ಉಳಿದಿರುವ ಅತ್ಯಂತ ಖಚಿತ ಸಾಕ್ಷ್ಯ ಅದು.

ಕಾಫಿ ಗಿಡದ ಸ್ವಭಾವ ಇಲ್ಲಿ ಮುಖ್ಯ. ರಾಗಿಯ ಹಾಗೆ ಬಿತ್ತಿ ನಾಲ್ಕು ತಿಂಗಳಿಗೆ ಕೊಯ್ಯುವಂಥದ್ದಲ್ಲ. ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ರೇಟು ಏರಿದಾಗ ಎಲ್ಲರೂ ಗಿಡ ನೆಡುತ್ತಾರೆ, ಎಲ್ಲರ ಗಿಡವೂ ಒಟ್ಟಿಗೆ ಫಸಲಿಗೆ ಬಂದಾಗ ರೇಟು ಮಲಗುತ್ತದೆ. ವಿಯೆಟ್ನಾಮಿನವರು ತೊಂಬತ್ತರ ದಶಕದುದ್ದಕ್ಕೂ ನೆಟ್ಟ ರೊಬಸ್ಟಾ ಶತಮಾನದ ಕೊನೆಗೆ ಮಾರುಕಟ್ಟೆಯನ್ನು ತುಂಬಿ ಚೆಲ್ಲಿತು. 2001–02ರಲ್ಲಿ ಜಗತ್ತಿನ ಕಾಫಿ ಬೆಲೆ ದಶಕಗಳಲ್ಲೇ ಕಾಣದ ತಳ ಮುಟ್ಟಿತು. ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಬಿಟ್ಟವರನ್ನು ನಾನು ನೋಡಿದ್ದೇನೆ. ಚಿಕ್ಕಮ್ಮನ ಎರಡೆಳೆ ಸರ ಆ ವರ್ಷ ಅಡವಿಗೆ ಹೋಯಿತು. ತೋಟ ಅದೇ, ಮಣ್ಣು ಅದೇ, ಏಳು ವರ್ಷದ ಹಿಂದೆ ಐಸ್‌ಕ್ರೀಂ ಬಡಿಸಿದ ಊರೂ ಅದೇ.

ಬೆಲೆ ಅರ್ಧವಾದರೆ ಆದಾಯ ಅರ್ಧವಾಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಐದು ಎಕರೆ ರೊಬಸ್ಟಾ, ಎಕರೆಗೆ 50 ಕೆ.ಜಿ.ಯ 12 ಚೀಲ ಒಣ ಚೆರ್ರಿ ಎಂದಿಟ್ಟುಕೊಳ್ಳಿ. ಒಟ್ಟು 60 ಚೀಲ. ಗೊಬ್ಬರ, ಕಳೆ, ಮರಗಸಿ, ಕೊಯ್ಲು ಎಲ್ಲ ಸೇರಿ ಎಕರೆಗೆ 35 ಸಾವಿರ ಖರ್ಚು ಎಂದರೆ 1.75 ಲಕ್ಷ. ಚೀಲಕ್ಕೆ 10 ಸಾವಿರ ಸಿಕ್ಕಿದರೆ ಆರು ಲಕ್ಷ ಬಂದು, ಖರ್ಚು ಕಳೆದು ನಾಲ್ಕೂಕಾಲು ಲಕ್ಷ ಉಳಿಯುತ್ತದೆ. ಚೀಲಕ್ಕೆ 3,500 ಆದರೆ ಬರುವುದು 2.1 ಲಕ್ಷ, ಉಳಿಯುವುದು 35 ಸಾವಿರ. ರೇಟು ಮೂರನೇ ಒಂದಕ್ಕೆ ಇಳಿದರೆ ಮನೆಗೆ ಬರುವುದು ಹನ್ನೆರಡನೇ ಒಂದಕ್ಕೆ ಇಳಿಯುತ್ತದೆ. ಯಾಕೆಂದರೆ ಕೂಲಿ, ಗೊಬ್ಬರ ಲಂಡನ್ನಿನ ಕಾಫಿ ಮಾರುಕಟ್ಟೆಯನ್ನು ನೋಡಿ ಇಳಿಯುವುದಿಲ್ಲ. ಈ ಅಂಕಿಗಳನ್ನು ನಾನು ಸುಮ್ಮನೆ ಆರಿಸಿಲ್ಲ. 2020ರ ಆಸುಪಾಸಿನಲ್ಲಿ ರೊಬಸ್ಟಾ ಚೆರ್ರಿ ಮೂರೂವರೆ ಸಾವಿರದ ಹತ್ತಿರವಿತ್ತು. 2024ರಲ್ಲಿ ವಿಯೆಟ್ನಾಮಿನ ಬರದಿಂದಾಗಿ ಹತ್ತು ಸಾವಿರ ದಾಟಿತು. 2025ರ ಆರಂಭಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ ಚೀಲಕ್ಕೆ 25 ಸಾವಿರವನ್ನೂ ಮೀರಿತು.

ಎಂದರೆ ಊರು ಮತ್ತೆ 1995ರಲ್ಲಿ ನಿಂತಿದೆ. ಈಗಿನ ಬೆಳೆಗಾರರು ಹಳೆಯ ಪಾಠ ಮರೆತಿದ್ದಾರೆ ಎಂದು ಬೈಯುವುದು ಪಟ್ಟಣದವರಿಗೆ ಸುಲಭ. ‘ರೈತರ ಕೈಗೆ ದುಡ್ಡು ಬಂದರೆ ಹಾಳು ಮಾಡುತ್ತಾರೆ’ ಎಂಬ ಮಾತನ್ನು ನಾನು ಬೆಂಗಳೂರಿನ ಆಫೀಸಿನಲ್ಲಿ ಎಷ್ಟು ಸಲ ಕೇಳಿಲ್ಲ! ಅದು ನಿಜವೂ ಅಲ್ಲ. 1975ರಲ್ಲಿ ಬ್ರೆಜಿಲ್‌ನಲ್ಲಿ ಇನ್ನೂ ಭೀಕರವಾದ ಹಿಮ ಬಿದ್ದಿತ್ತು. ಆಗ ಕೀನ್ಯಾದ ಸಣ್ಣ ಬೆಳೆಗಾರರಿಗೆ ಅನಿರೀಕ್ಷಿತವಾಗಿ ಬಂದ ಹಣ ಏನಾಯಿತೆಂದು ಬೆವನ್, ಕಾಲಿಯರ್, ಗನ್ನಿಂಗ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಇದು ಎರಡು ವರ್ಷದ ಹಬ್ಬ ಅಷ್ಟೇ ಎಂದು ರೈತರು ಸರಿಯಾಗಿಯೇ ಗ್ರಹಿಸಿ ಬಹುಪಾಲನ್ನು ಉಳಿಸಿದ್ದರು. ಹಬ್ಬ ಮುಗಿಯುವುದೇ ಇಲ್ಲವೆಂಬಂತೆ ಖರ್ಚು ಮಾಡಿದ್ದು ಸರ್ಕಾರ.

ನಮ್ಮ ಮನೆಯ 1995ರ ಲೆಕ್ಕವನ್ನೇ ತೆಗೆದರೆ, ಚಿಕ್ಕಪ್ಪನ ಜೀಪು ಹತ್ತು ವರ್ಷಕ್ಕೆ ಗುಜರಿಗೆ ಹೋಯಿತು. ಹಾಲ್‌ಗೆ ಹಾಸಿದ ಹೊಳೆಯುವ ಟೈಲ್ಸ್ ಮೇಲೆ ಮಳೆಗಾಲದ ಥಂಡಿಗೆ ಜಾರಿ ಅಜ್ಜಿಯ ಸೊಂಟ ಮುರಿದದ್ದೇ ಲಾಭ. ಉಳಿದದ್ದು ತೋಟದ ತಗ್ಗಿನಲ್ಲಿ ಅದೇ ಅಜ್ಜಿ ಹಟ ಹಿಡಿದು ತೋಡಿಸಿದ ಕೆರೆ. ರೊಬಸ್ಟಾ ಹೂವಿಗೆ ಫೆಬ್ರವರಿ–ಮಾರ್ಚಿನಲ್ಲಿ ಒಂದು ಮಳೆ ಬೀಳಲೇಬೇಕು. ಬೀಳದಿದ್ದರೆ ಆ ವರ್ಷದ ಫಸಲಿನ ಆಸೆ ಬಿಟ್ಟಂತೆ. ಕೆರೆಯಿದ್ದವರು ಸ್ಪ್ರಿಂಕ್ಲರ್ ಹಚ್ಚಿ ಹೂ ಬಿಡಿಸುತ್ತಾರೆ. ಆ ಕೆರೆಯಿಂದ ನಾವು ಒಂದು ರೂಪಾಯಿಯಷ್ಟೂ ಶ್ರೀಮಂತರಾಗಿಲ್ಲ. ಬ್ಯಾಂಕಿನವರು ಅದಕ್ಕೆ ಬೆಲೆ ಕಟ್ಟುವುದಿಲ್ಲ, ನೆಂಟರಿಗೆ ತೋರಿಸುವಂಥದ್ದೂ ಅಲ್ಲ. ಆದರೆ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆ ನಿಂತದ್ದು ಅದರ ದಡದ ಮೇಲೆ.

ಅಟ್ಟದ ಮೇಲಿನ ಕಾಳುಮೆಣಸಿನ ಚೀಲವೂ ಹಾಗೆಯೇ. ಒಣಗಿಸಿದ ಕಾಫಿಯನ್ನು ಒಂದು ಮಳೆಗಾಲ ದಾಟಿಸಿದರೆ ಬಣ್ಣ ಕೆಡುತ್ತದೆ, ಬೆಲೆ ಇಳಿಯುತ್ತದೆ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಆಸ್ಪತ್ರೆಗೆಂದು ಅರ್ಧ ಚೀಲ ಇಳಿಸಬಹುದು, ಫೀಸಿಗೆಂದು ಇನ್ನರ್ಧ. ಮೆಣಸಿಗೂ ಏರಿಳಿತವಿದೆ. 2015ರ ಆಸುಪಾಸಿನಲ್ಲಿ ಕೆ.ಜಿ.ಗೆ 600 ದಾಟಿದ್ದದ್ದು ನಾಲ್ಕೇ ವರ್ಷದಲ್ಲಿ ಅರ್ಧಕ್ಕಿಳಿಯಿತು. ಆದರೂ ಇವತ್ತೇ ಮಾರಲೇಬೇಕೆಂಬ ದರ್ದು ಇಲ್ಲದಿರುವುದೇ ಒಂದು ಬಗೆಯ ಆಸ್ತಿ. ಎಂಟು ಎಕರೆ ಜಮೀನನ್ನು ಹಾಗೆ ಅರ್ಧ ಚೀಲದ ಲೆಕ್ಕದಲ್ಲಿ ಇಳಿಸಿ ಮಾರಲು ಬರುವುದಿಲ್ಲ.

ಜಮೀನಿನ ಮಾತು ಬಂದರೆ ಇನ್ನೊಂದಿದೆ. ಸಾಲ ವಸೂಲಿಗೆಂದು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿದೆ. ಆದರೆ ಕಾಫಿ ತೋಟ ಕೃಷಿಭೂಮಿಯೋ ವಾಣಿಜ್ಯದ ಆಸ್ತಿಯೋ ಎಂಬ ತಕರಾರಿನಲ್ಲಿ ತೋಟಗಳಿಗೆ ಹರಾಜಿನ ನೋಟಿಸು ಅಂಟಿ, ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಬೀದಿಗಿಳಿದದ್ದು ಈಚಿನ ವರ್ಷಗಳಲ್ಲೇ. ಕೋಟಿ ಬಾಳುವ ತೋಟದ ಗೇಟಿಗೆ ಕೆಲವು ಲಕ್ಷದ ನೋಟಿಸು. ಆಸ್ತಿ ಇದೆ, ಕೈಯಲ್ಲಿ ಕಾಸಿಲ್ಲ. ಚಿಕ್ಕಪ್ಪನ ರಾತ್ರಿ ಎರಡು ಗಂಟೆಯ ಅರ್ಥ ಅದು.

ಈಗ ಮೇಷ್ಟ್ರ ಕಡೆಗೆ ತಿರುಗೋಣ. ಅವರಿಗೆ ತಿಂಗಳಿಗೆ 30 ಸಾವಿರ ಪೆನ್ಷನ್ ಬರುತ್ತದೆ ಎನ್ನಿ. ನೋಡಲು ಸಣ್ಣ ಮೊತ್ತ. ಆದರೆ ಶೇ. 6ರ ಬಡ್ಡಿಯಲ್ಲಿ ತಿಂಗಳಿಗೆ 30 ಸಾವಿರ ಪಡೆಯಬೇಕಾದರೆ ಬ್ಯಾಂಕಿನಲ್ಲಿ 60 ಲಕ್ಷ ಡಿಪಾಸಿಟ್ ಇರಬೇಕು. ಅಷ್ಟೇ ಅಲ್ಲ, ಬೆಲೆ ಏರಿದಂತೆ ಮೇಷ್ಟ್ರಿಗೆ ತುಟ್ಟಿಭತ್ಯೆ ಏರುತ್ತದೆ, ಡಿಪಾಸಿಟಿನ ಬಡ್ಡಿ ಏರುವುದಿಲ್ಲ. ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿಯೂ ಇದೆ. ಇಷ್ಟನ್ನೆಲ್ಲ ಸೇರಿಸಿದರೆ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಮೇಷ್ಟ್ರು ಅರವತ್ತು ಲಕ್ಷಕ್ಕಿಂತ ದೊಡ್ಡ ಕುಳ! ಇದನ್ನು ನಾನು ಜಗಲಿಯಲ್ಲಿ ಲೆಕ್ಕ ಹಾಕಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. “ಎಲ್ಲಿದೆ ಮಾರಾಯ್ತಿ ಆ ಅರವತ್ತು ಲಕ್ಷ? ತೋರಿಸು, ಮನೆ ಹೆಂಚು ಕೈಯಾಡಿಸ್ಬೇಕು.”

ಅವರ ಪ್ರಶ್ನೆ ತಮಾಷೆಯದ್ದಲ್ಲ. ಪೆನ್ಷನ್ನನ್ನು ಮಾರಲಾಗದು, ಅಡವಿಡಲಾಗದು. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದು ಯಾರಲ್ಲೂ ಸಿರಿವಂತಿಕೆಯ ಭಾವ ಹುಟ್ಟಿಸುವುದಿಲ್ಲ. ಗೃಹಪ್ರವೇಶದಲ್ಲಿ ಜನ ನೋಡುವುದು ಮನೆಯ ಬಾಗಿಲನ್ನು. ಪಾಸ್‌ಬುಕ್ಕಿನ ಒಂದನೇ ತಾರೀಖನ್ನಲ್ಲ.

ಆ ನೆಮ್ಮದಿಗೂ ಬಿರುಕಿದೆ ಎನ್ನಬೇಕು. ನಿವೃತ್ತಿಯಲ್ಲಿ ಬಂದ ಗಂಟನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದೇ ಕಡೆ ಇಟ್ಟ ಎಷ್ಟೋ ಹಿರಿಯರು 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮುಂದೆ ಸಾಲುಗಟ್ಟಿದರು. ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರು 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತ್ತು. ಅವತ್ತಿಗೆ ಠೇವಣಿಯ ಮೇಲಿನ ವಿಮೆ ಒಬ್ಬರಿಗೆ ಒಂದೇ ಲಕ್ಷ. ಅದನ್ನು ಐದು ಲಕ್ಷಕ್ಕೆ ಏರಿಸಿದ್ದು ಮರುತಿಂಗಳು. ಇನ್ನು ಮೇಷ್ಟ್ರ ಮಗ, ಅವನೂ ಮೇಷ್ಟ್ರೇ. ಆದರೆ 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರ ಸಾಲಿಗೆ ಸೇರಿದವನು. ಅವನಿಗೆ ಹೊಸ ಪಿಂಚಣಿ ಯೋಜನೆ: ಸಂಬಳದ ಒಂದು ಪಾಲು, ಸರ್ಕಾರದ ಒಂದು ಪಾಲು ಸೇರಿ ಮಾರುಕಟ್ಟೆಗೆ ಹೋಗುತ್ತದೆ, ಕೊನೆಗೆ ಎಷ್ಟು ಬರುತ್ತದೋ ಮಾರುಕಟ್ಟೆಗೇ ಗೊತ್ತು. ಹೀಗಾಗಿ ಈಗ ಅವನೂ ಬೆಳಿಗ್ಗೆ ಮೊಬೈಲ್ ತೆಗೆದು ಸೆನ್ಸೆಕ್ಸ್ ನೋಡುತ್ತಾನೆ. ಜಗಲಿಯಲ್ಲಿ ರೇಟು ನೋಡುವವರು ಇಬ್ಬರಾದರು.

ನನ್ನದನ್ನೂ ಹೇಳಿಬಿಡುತ್ತೇನೆ. 2021ರಲ್ಲಿ, ಬಡ್ಡಿ ಕಡಿಮೆಯಿದೆ ಎಂದು ಎಲ್ಲರೂ ಹೇಳಿದ ಕಾಲದಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಇಪ್ಪತ್ತು ವರ್ಷದ ಸಾಲದ ಮೇಲೆ ಫ್ಲ್ಯಾಟ್ ಕೊಂಡೆ. ಗೃಹಪ್ರವೇಶದ ದಿನ ಬಾಲ್ಕನಿಯಲ್ಲಿ ನಿಂತಾಗ ಬಂದ ಆ ಭಾವ ಶ್ರೀಮಂತಿಕೆಯಲ್ಲದೆ ಇನ್ನೇನು? 2022ರ ಮೇ ತಿಂಗಳಿಂದ ಹತ್ತು ತಿಂಗಳೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತು. ನನ್ನ ಕಂತು ಒಂದು ರೂಪಾಯಿಯೂ ಹೆಚ್ಚಲಿಲ್ಲ. ಒಂದು ಭಾನುವಾರ ಸುಮ್ಮನೆ ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಸಾಲ ಮುಗಿಯುವ ವರ್ಷ ಸದ್ದಿಲ್ಲದೆ ನನ್ನ ನಿವೃತ್ತಿಯ ವರ್ಷವನ್ನು ದಾಟಿ ಹೋಗಿತ್ತು. ಅದೇ ವಾರ ಆಫೀಸಿನಲ್ಲಿ ನಾಲ್ಕು ಕುರ್ಚಿ ಖಾಲಿಯಾದವು. ಫ್ಲ್ಯಾಟಿನ ಬೆಲೆ ಮಾತ್ರ ಏರುತ್ತಲೇ ಇತ್ತು, ಕಾಗದದ ಮೇಲೆ ನಾನು ದಿನದಿನಕ್ಕೂ ಶ್ರೀಮಂತಳಾಗುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಎದ್ದು ನೀರು ಕುಡಿಯುವ ಅಭ್ಯಾಸ ನಮ್ಮ ವಂಶದ್ದು ಎಂದು ಆಗ ಗೊತ್ತಾಯಿತು.

ಎರಡು ಗಂಟೆಯ ಈ ಎಚ್ಚರ ಹಗಲಿನ ಬುದ್ಧಿಯನ್ನೂ ತಿನ್ನುತ್ತದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ತಮಿಳುನಾಡಿನ 464 ಕಬ್ಬು ಬೆಳೆಗಾರರದ್ದು. ಕಬ್ಬಿಗೆ ವರ್ಷಕ್ಕೊಮ್ಮೆ ದುಡ್ಡು. ಕಟಾವಿಗೆ ಮೊದಲು ಕೈ ಬಿಗಿ, ಒಡವೆ ಅಡವಿನಲ್ಲಿ. ಕಟಾವಾದ ಮೇಲೆ ಕೈ ಸಡಿಲ. ಎರಡೂ ಕಾಲದಲ್ಲಿ ಅದೇ ರೈತರಿಗೆ ಅದೇ ಬಗೆಯ ತರ್ಕದ, ಗಮನದ ಪರೀಕ್ಷೆ ಕೊಟ್ಟರು. ಕಟಾವಿನ ನಂತರ ಅವರು ಸ್ಪಷ್ಟವಾಗಿ ಚೆನ್ನಾಗಿ ಮಾಡಿದರು. ಮನುಷ್ಯ ಅವನೇ, ತಲೆಯ ಅರ್ಧ ಭಾಗ ಕಂತಿನ ಲೆಕ್ಕದಲ್ಲಿ ಸಿಕ್ಕಿಕೊಂಡಾಗ ಉಳಿದರ್ಧ ಮಾತ್ರ ಕೆಲಸ ಮಾಡುತ್ತದೆ. ಬಡವರಿಗೆ ದುಡ್ಡಿನ ಬುದ್ಧಿಯಿಲ್ಲ ಎನ್ನುವವರು ಆ ಅಧ್ಯಯನವನ್ನೊಮ್ಮೆ ಓದಬೇಕು.

ಚಿಕ್ಕಪ್ಪನ ತೋಟದ ಕೆಲಸದವರ ಲೈನ್ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಹೆಂಗಸೊಬ್ಬರನ್ನು ಇದರ ಬಗ್ಗೆ ಕೇಳಿದೆ. ಕೊಯ್ಲಿನ ತಿಂಗಳುಗಳಲ್ಲಿ ಕಿಲೋ ಲೆಕ್ಕದಲ್ಲಿ ಹಣ್ಣು ಬಿಡಿಸಿ ಅವರು ಒಳ್ಳೆಯ ಕೂಲಿ ಎತ್ತುತ್ತಾರೆ. ಆದರೆ ಮಾತೆಲ್ಲ ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ ಬರುವ ಎರಡು ಸಾವಿರದ ಸುತ್ತಲೇ. “ಕೊಯ್ಲಿನ ದುಡ್ಡು ಕೊಯ್ಲಲ್ಲೇ ಹೋಗುತ್ತೆ ಅಕ್ಕ. ಇದು ಬರುತ್ತೆ ಅಂತ ಸಂಘದ ಕಂತಿಗೆ ಒಪ್ಕಂಡೆ. ಎರಡು ತಿಂಗಳು ತಡ ಆಯ್ತು ನೋಡಿ, ಅವಾಗ ಎದೆ ಹೊಡ್ಕಳೋಕೆ ಶುರುವಾಯ್ತು.” ಭದ್ರತೆ ಎಂದರೆ ಮೊತ್ತವಲ್ಲ, ತಾರೀಖು ಎಂದು ನನಗೆ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹಣಕಾಸಿನ ಸಲಹೆಗಾರರು ‘ಆರು ತಿಂಗಳ ಖರ್ಚನ್ನು ತೆಗೆದಿಡಿ’ ಎನ್ನುತ್ತಾರೆ. ಸಂಬಳದವರಿಗೆ ಸರಿ. ಮಲೆನಾಡಿನಲ್ಲಿ ಲೆಕ್ಕ ತಿಂಗಳಲ್ಲಿ ನಡೆಯುವುದಿಲ್ಲ, ಮಳೆಗಾಲದಲ್ಲಿ ನಡೆಯುತ್ತದೆ. ಮೇ ತಿಂಗಳೊಳಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮುಗಿಯಬೇಕು. ಸೌದೆ ಕೊಟ್ಟಿಗೆ ಮಾಡಿನವರೆಗೆ ತುಂಬಬೇಕು. ಒಂದು ಮಳೆಗಾಲಕ್ಕೆ ಸಾಕಾಗುವಷ್ಟಲ್ಲ, ಒಂದೂವರೆ ಮಳೆಗಾಲಕ್ಕೆ. ಚಿಕ್ಕಮ್ಮ ತವರಿಗೆ ಹೋಗಿಬಂದರೆ ಹೇಳುವ ಮೊದಲ ಮಾತು ಅವರ ಮನೆಯಲ್ಲಿ ಸೌದೆ ಎಷ್ಟಿದೆ ಎಂಬುದು. ಗ್ಯಾಸ್ ಬಂದು ಎಷ್ಟೋ ವರ್ಷವಾಗಿದ್ದರೂ ಬಚ್ಚಲೊಲೆ, ಕಾಫಿ ಒಣಗದ ದಿನ, ಕರೆಂಟಿಲ್ಲದ ವಾರ ಎಲ್ಲಕ್ಕೂ ಅದೇ ಗತಿ. ಈ ಮನೆಗೆ ಎಷ್ಟು ಕೆಟ್ಟ ವರ್ಷ ತಡೆಯುವ ಶಕ್ತಿಯಿದೆ? ತೋಟದ ಬೆಲೆ ಎಷ್ಟು ಎಂಬ ಪ್ರಶ್ನೆಗಿಂತ ಇದು ಬೇರೆಯೇ ಪ್ರಶ್ನೆ. ಎರಡಕ್ಕೂ ಒಂದೇ ಉತ್ತರ ಬರುವ ಮನೆಗಳು ಊರಲ್ಲಿ ನಾಲ್ಕಾರು ಇದ್ದರೆ ಹೆಚ್ಚು.

ಹಾಗೆಂದು ಶ್ರೀಮಂತಿಕೆಯ ಭಾವವನ್ನು ಹೀಗಳೆಯುವ ಮನಸ್ಸು ನನಗಿಲ್ಲ. 2001ರ ಕಷ್ಟವನ್ನು ನಮ್ಮನೆಯವರು ನೆನೆಸುವುದೇ ಇಲ್ಲ. 1995ರ ಐಸ್‌ಕ್ರೀಮನ್ನು ಮಾತ್ರ ಪ್ರತಿ ಮದುವೆಯಲ್ಲೂ ನೆನೆಸುತ್ತಾರೆ. ಮೇಷ್ಟ್ರ ಮನೆಯಲ್ಲಿ ಅಂಥ ನೆನಪು ಯಾವುದಿದೆ? ಅವರ ಹೆಂಡತಿ ಒಮ್ಮೆ ಅಂದಿದ್ದರು, ‘ನಮ್ಮನೇಲಿ ಕಷ್ಟಾನೂ ಇಲ್ಲ, ಹಬ್ಬಾನೂ ಇಲ್ಲ’ ಎಂದು.

ಈ ಮಾರ್ಚಿನಲ್ಲಿ ಊರಿಗೆ ಹೋದಾಗ ಹೂಮಳೆ ಬಂದಿರಲಿಲ್ಲ. ರಾತ್ರಿಯಿಡೀ ಕೆರೆಯ ಕಡೆಯಿಂದ ಮೋಟರಿನ ಸದ್ದು. ಬೆಳಿಗ್ಗೆ ನೋಡಿದರೆ ಚಿಕ್ಕಪ್ಪ ಕೈಯಲ್ಲಿ ಅಳತೆ ಟೇಪು ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅರ್ಧ ಕಾಫಿ ಮಾರಿದ್ದಾರೆ, ಇನ್ನರ್ಧವನ್ನು ರೇಟು ಇನ್ನೂ ಏರಬಹುದೆಂದು ಇಟ್ಟಿದ್ದಾರೆ. ದೊಡ್ಡ ಕಾರೊಂದಕ್ಕೆ ಬುಕಿಂಗ್ ಮಾಡಿದ್ದಾರೆ. ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದವರು ಮೇಷ್ಟ್ರು.

“ಹದಿನೈದಡಿ ಬರುತ್ತೆ ಸಾಹುಕಾರ್ರೇ. ನಿಮ್ಮ ಕಾರು ಹಿಡಿಯಲ್ಲ.”

“ಹಿಡಿಯುತ್ತೆ. ಸೌದೆ ಕೊಟ್ಟಿಗೆ ತೆಗೆದ್ರೆ ಆಯ್ತಪ್ಪ.”

ಚಿಕ್ಕಮ್ಮ ಅಡುಗೆಮನೆ ಕಿಟಕಿಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಏನೂ ಹೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಹತ್ತಿರ ಟ್ರ್ಯಾಕ್ಟರಿನ ಸದ್ದಾಯಿತು. ಅವರು ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದ ಎರಡು ಲೋಡು ಸೌದೆ.